ಸಂತೆ ದಿನದ ಪುಡಿ

ಒಂದು ಮಾತು ಕೇಳುತ್ತೇನೆ, ನಿಜ ಹೇಳಿ. ಕಾಲು ಸೆಳೆತ ಅಂತ ಡಾಕ್ಟರ ಹತ್ತಿರ ಹೋಗಿ, ರಕ್ತ ಕೊಟ್ಟು, "ವಿಟಮಿನ್ ಡಿ ಕಡಿಮೆ ಇದೆ" ಅನ್ನಿಸಿಕೊಂಡು, ಕೈಯಲ್ಲಿ ಪುಡಿಯ ಪೊಟ್ಟಣ ಹಿಡಿದು ಮನೆಗೆ ಬಂದು, "ಇದನ್ನು ಯಾವಾಗ ಕುಡಿಯಬೇಕು ಅಂದರು?" ಎಂದು ಮನೆಯವರ ಮುಖ ನೋಡಿದ್ದು ನಿಮಗೂ ಆಗಿದೆಯಾ?

ಆಗಿದ್ದರೆ ಓದಿ. ಆಗದಿದ್ದರೂ ಓದಿ, ಮುಂದೆ ಆಗುತ್ತದೆ.

ನಾನು ಚಿಕ್ಕೋಡಿಯಲ್ಲಿ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿದ್ದೆ. ಸಕ್ಕರೆ ಕಾಯಿಲೆಯವರೇ ಹೆಚ್ಚು ಬರುತ್ತಿದ್ದ ಜಾಗ. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ಇಸಿಜಿ ತೆಗೆಯುವುದು ನನ್ನ ಕೆಲಸ. ಎರಡು ಸಾವಿರದ ಶುರುವಿನಲ್ಲಿ ಸೇರಿದವಳು ಬೆನ್ನು ಕೈಕೊಡುವವರೆಗೂ ಅಲ್ಲೇ ಇದ್ದೆ. ಈಗ ಮನೆಯಲ್ಲಿ ದಿಂಬಿಗೆ ಒರಗಿ ಫೋನಿನಲ್ಲಿ ಹೀಗೆ ಬರೆಯುತ್ತಿರುತ್ತೇನೆ. ಲ್ಯಾಬ್ ಕೋರ್ಸ್ ಓದುವ ಹುಡುಗಿಯರು ಇನ್‌ಬಾಕ್ಸಿಗೆ ಬಂದು "ಅಕ್ಕಾ, ಕೆಲಸ ಹೆಂಗಿರತೈತ್ರಿ?" ಎಂದು ಕೇಳುತ್ತಾರೆ. ಸೂಜಿ ಚುಚ್ಚುವುದನ್ನು ಯಾರಾದರೂ ಕಲಿಸುತ್ತಾರೆ ತಂಗಿ. ಉಳಿದದ್ದು ಹೇಗಿರುತ್ತದೆ ಅಂತ ಹೇಳುತ್ತೇನೆ.

ನಾನು ಸೇರಿದ ಹೊಸದರಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುವ ಮಷೀನು ಅಪರೂಪ. ಜನ ಮೂತ್ರವನ್ನು ಬಾಟಲಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಿ ಬರುತ್ತಿದ್ದರು. ನೀಲಿ ದ್ರಾವಣಕ್ಕೆ ನಾಲ್ಕು ಹನಿ ಹಾಕಿ ಕಾಯಿಸಬೇಕು. ನೀಲಿಯಾಗೇ ಉಳಿದರೆ ಸಮಾಧಾನ, ಹಸಿರಾದರೆ ಎಚ್ಚರಿಕೆ, ಇಟ್ಟಿಗೆಯ ಬಣ್ಣ ಬಂದರೆ ಡಾಕ್ಟರ ಬೈಗುಳ. ಐಗಳಿಯಿಂದ ಬರುತ್ತಿದ್ದ ಒಬ್ಬ ಅಜ್ಜನದು ಒಂದು ಸಲ ಎಂಥ ಇಟ್ಟಿಗೆ ಬಣ್ಣ ಬಂತೆಂದರೆ, ಡಾಕ್ಟರು ಗುಳಿಗೆ ಹೆಚ್ಚಿಸಲು ಪೆನ್ನು ತೆಗೆದೇಬಿಟ್ಟರು. ಅಷ್ಟರಲ್ಲಿ ಬಾಟಲಿಯ ಬಾಯಿಗೆ ಇರುವೆ ಮುತ್ತಿದ್ದು ಕಂಡು, "ಅಜ್ಜಾ, ಇದರಾಗ ಮದ್ಲ ಏನಿತ್ತು?" ಎಂದು ಕೇಳಿದರು.

"ಜೇನತುಪ್ಪ ಇತ್ತರಿ. ಛಲೋ ಬಾಟಲಿ ಐತಿ, ಚೆಲ್ಲೂದ್ಯಾಕ ಅಂತ ತಂದೇನಿ."

"ತೊಳದಿದ್ದಿಯೋ ಇಲ್ಲೋ?"

"ತುಂಬೂದು ಅದನ್ನ ಅಂದ ಮ್ಯಾಲ ತೊಳಿಯೂದ್ಯಾಕ್ರಿ ಸಾಹೇಬ್ರ?"

ಅವತ್ತು ಡಾಕ್ಟರು ನಕ್ಕರು. ಒಳ್ಳೆಯ ಮನುಷ್ಯ, ಸ್ವಲ್ಪ ಮುಂಗೋಪಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕುರ್ಚಿಯಿಂದ ಏಳದೆ ರೋಗಿಗಳನ್ನು ನೋಡುವವರು. ಅವರಿಗೆ ಬೇಗ ಹೇಳಿ ಮುಗಿಸುವ ಅಭ್ಯಾಸ, ಬಂದವರಿಗೆ ಬೇಗ ತಲೆಯಾಡಿಸುವ ಅಭ್ಯಾಸ. ಈ ಎರಡು ಅಭ್ಯಾಸಗಳ ನಡುವೆ ಏನು ಬೇಕಾದರೂ ಬಿದ್ದು ಹೋಗಬಹುದು ಅಂತ ನನಗೆ ಗೊತ್ತಾಗಿದ್ದು ರಾಜೇಸಾಬನಿಂದ.

ರಾಜೇಸಾಬ ದನಗಳ ಹಗ್ಗ, ಮೂಗುದಾರ, ಕೊರಳಗಂಟೆ ಮಾರುವವನು. ಅವನೂ ಅವನ ಅಣ್ಣನೂ ಸಂತೆಯಲ್ಲಿ ಒಂದೇ ತಾಡಪತ್ರಿ ಚಪ್ಪರದ ಕೆಳಗೆ ಕೂರುತ್ತಿದ್ದರು. ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರೂ ಬೀಡಿ ಸೇದುವವರು, ಇಬ್ಬರೂ ದವಾಖಾನೆ ಅಂದರೆ ದೂರ. ನಿಪ್ಪಾಣಿ ಸಂತೆಯಲ್ಲಿ ಒಂದು ದಿನ ಅಣ್ಣ ಹಗ್ಗ ಅಳೆಯುತ್ತ ಅಳೆಯುತ್ತ ಮುಂದಕ್ಕೆ ಬಾಗಿದ. ಗಿರಾಕಿ, ಇವನಿಗೆ ತೂಕಡಿಕೆ ಬಂದಿದೆ ಅಂದುಕೊಂಡು, "ಏ ಮಾಮಾ, ಏಳಪಾ" ಎಂದು ಹಗ್ಗದ ಇನ್ನೊಂದು ತುದಿ ಜಗ್ಗಿದನಂತೆ. ಅಣ್ಣ ಏಳಲಿಲ್ಲ. ಎದೆ ನಿಂತಿತ್ತು.

ಮಣ್ಣು ಕೊಟ್ಟ ಮೇಲೆ ರಾಜೇಸಾಬ ಹೆಂಡತಿ ಮಾಲನಬಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದ. ನಾನು ಇಸಿಜಿಗೆ ಮಲಗಿಸಿ ಎದೆಗೆ ರಬ್ಬರಿನ ಬುರುಡೆಗಳನ್ನು ಒತ್ತುತ್ತಿದ್ದರೆ ಅವನು ತಂತಿಗಳನ್ನೇ ನೋಡುತ್ತಿದ್ದ.

"ಬಾಯಾರ, ಕರೆಂಟ್ ಹೊಡಿತೈತೇನ್ರಿ?"

"ಇಲ್ಲೋ ಅಣ್ಣಾ, ನಿನ್ನ ಎದಿ ಕರೆಂಟ್ ನಾವು ನೋಡೂದು. ಅಲುಗಾಡಬ್ಯಾಡ."

"ಬಂದ್ ಆಗಿಲ್ಲಲ್ಲ?"

"ಬಂದ್ ಆಗಿದ್ರ ನೀ ಇಷ್ಟ ಮಾತಾಡ್ತಿದ್ದಿ?"

ಮಾಲನಬಿ ಬಾಗಿಲಲ್ಲಿ ನಿಂತು, "ಬಂದ್ ಆದ್ರೂ ಇವರು ಮಾತಾಡ್ತಾರ್ರಿ" ಎಂದಳು. ಬಾಯಿ ಜೋರು, ಆದರೆ ಕಣ್ಣು ಅತ್ತು ಅತ್ತು ಊದಿಕೊಂಡಿದ್ದವು.

ಇಸಿಜಿ ಪಟ್ಟಿ ಚೆನ್ನಾಗೇ ಇತ್ತು. ಸಕ್ಕರೆ ಮಾತ್ರ ಏರಿತ್ತು, ಬಿಪಿಯೂ ಇತ್ತು. ರಾಜೇಸಾಬ ಡಾಕ್ಟರ ಮೇಜು ಹಿಡಿದುಕೊಂಡು ಹೇಳಿದ, "ಸಾಹೇಬ್ರ, ನಮ್ಮಣ್ಣ ಹೋದಂಗ ನಾ ಹೋಗಬಾರದು. ನೀವು ಏನ್ ಹೇಳ್ತೀರಿ ಅದನ್ನ ಮಾಡ್ತೀನಿ. ಒಂದೂ ತಪ್ಪಸೂದಿಲ್ಲ."

"ಮದ್ಲ ಬೀಡಿ ಬಿಡು."

ಅಲ್ಲೇ ಕಟ್ಟು ತೆಗೆದು ಕಿಟಕಿಯಿಂದ ಹೊರಗೆ ಎಸೆದ. ಡಾಕ್ಟರು, "ಏ, ಅಲ್ಲಿ ನನ್ನ ಗಾಡಿ ಐತೋ" ಎಂದರು.

ನಮ್ಮಲ್ಲಿ ಹೇಳಿದ್ದನ್ನು ಅರ್ಧ ಕೇಳುವವರೇ ಹೆಚ್ಚು. ಪೂರ್ತಿ ಕೇಳಿದವನು ರಾಜೇಸಾಬ ಒಬ್ಬನೇ. ಚಹಾಕ್ಕೆ ಸಕ್ಕರೆ ಬಿಟ್ಟ. ಉಪ್ಪಿನಕಾಯಿ ಬಿಟ್ಟ. ಗುಳಿಗೆ ತಪ್ಪಿಸಲಿಲ್ಲ. ಬೇರೆ ರೋಗಿಗಳನ್ನು ಬೈಯುವಾಗೆಲ್ಲ ಡಾಕ್ಟರು "ಆ ಹಗ್ಗದ ರಾಜೇಸಾಬನ್ನ ನೋಡಿ ಕಲೀರಿ" ಎನ್ನುತ್ತಿದ್ದರು. ಹೀಗೆ ಕೆಲವು ವರ್ಷ ನೆಮ್ಮದಿಯಿಂದ ಹೋಯಿತು.

ಆಮೇಲೆ ಬಂತು ನೋಡಿ ವಿಟಮಿನ್ ಡಿ. ಎರಡು ಸಾವಿರದ ಹತ್ತರ ಆಚೀಚೆ ಇರಬೇಕು. ಅದಕ್ಕೂ ಮೊದಲು ನಮ್ಮ ದವಾಖಾನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿದ್ದಿಲ್ಲ. ಇದ್ದಕ್ಕಿದ್ದಂತೆ ಔಷಧ ಕಂಪನಿಯವರು ಬ್ಯಾಗು ಹಿಡಿದು ಬರತೊಡಗಿದರು. ಡಾಕ್ಟರು ಕೂಡ ಓದಿಕೊಂಡರು. ಸಕ್ಕರೆ ಕಾಯಿಲೆಯವರಲ್ಲಿ ಯಾರಿಗೆ ವಿಟಮಿನ್ ಡಿ ಕಡಿಮೆಯೋ ಅವರಿಗೆ ಹೃದಯದ ತೊಂದರೆಯೂ ಹೆಚ್ಚು ಕಾಣುತ್ತದೆ, ಆದ್ದರಿಂದ ತುಂಬಿಕೊಟ್ಟರೆ ಹೃದಯವೂ ಉಳಿಯಬಹುದು ಎಂಬ ಆಸೆ ಆಗ ಎಲ್ಲರಿಗೂ ಇತ್ತು. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು ದೊಡ್ಡ ಊರಿನ ಲ್ಯಾಬಿಗೆ ಕಳಿಸುತ್ತಿದ್ದೆವು. ಯಾರದು ಕಳಿಸಿದರೂ ಕಡಿಮೆ ಅಂತಲೇ ಬರುತ್ತಿತ್ತು.

ಜನ ಜಗಳಕ್ಕೇ ಬರುತ್ತಿದ್ದರು. "ನಾವೇನ್ ನೆರಳಾಗ ಕುಂತ ಉಣ್ಣೂ ಮಂದಿ ಏನ್ರಿ? ಬಿಸಲಾಗ ಹುಟ್ಟಿ ಬಿಸಲಾಗ ಬೆಳದೇವಿ!" ರಾಜೇಸಾಬನೂ ಅದನ್ನೇ ಹೇಳಿದ. ಆಗ ಡಾಕ್ಟರು ಅವನ ದಿನಚರಿ ಬಿಡಿಸಿ ಕೇಳಿದರು. ಹೊತ್ತು ಹುಟ್ಟುವ ಮೊದಲೇ ಟೆಂಪೋ ಹತ್ತಬೇಕು. ಇಡೀ ದಿನ ದಪ್ಪ ತಾಡಪತ್ರಿಯ ಕೆಳಗೆ, ತುಂಬು ತೋಳಿನ ಅಂಗಿ, ತಲೆಗೆ ರುಮಾಲು. ಹೊತ್ತು ಮುಳುಗಿದ ಮೇಲೆ ಮನೆ.

"ಬಯಲಾಗ ಕುಂತೀ ಖರೆ. ಬಿಸಲು ನಿನ್ನ ಮೈಗೆ ಎಲ್ಲಿ ಬಿತ್ತು?" ಎಂದರು ಡಾಕ್ಟರು. ರಾಜೇಸಾಬ ತನ್ನ ತೋಳು ತಾನೇ ನೋಡಿಕೊಂಡ.

ಡಾಕ್ಟರು ಕ್ಯಾಲ್ಸಿಯಂ ಗುಳಿಗೆ ದಿನಕ್ಕೊಂದು ಬರೆದರು. ಜೊತೆಗೆ ವಿಟಮಿನ್ ಡಿ ಪುಡಿ, ವಾರಕ್ಕೊಂದು ಪೊಟ್ಟಣ, ಹಾಲಿನಲ್ಲಿ ಕಲಸಿ.

ಈಗ ಇಲ್ಲೊಂದು ವಿಷಯ ಹೇಳಬೇಕು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಔಷಧ ಅಂದರೆ ಮರೆಯುವ ಔಷಧ. ಮೊದಮೊದಲು ಡಾಕ್ಟರು "ರವಿವಾರ ಕುಡೀರಿ" ಎನ್ನುತ್ತಿದ್ದರು. ಕಾಗವಾಡ ಕಡೆಯ ಒಬ್ಬ ಹೆಣ್ಣುಮಗಳು ಮುಖಕ್ಕೆ ಹೊಡೆದಂತೆ ಹೇಳಿದ್ದಳು, "ರವಿವಾರ ಸೂಟಿ ನಿಮಗರಿ. ನಮ್ಮ ಎಮ್ಮಿಗೇನ್ ರವಿವಾರ ಐತಿ? ಸಂತಿ ದಿನ ಅಂದ್ರ ನೆನಪಿರತೈತಿ." ಅದು ಡಾಕ್ಟರಿಗೆ ಬಹಳ ಹಿಡಿಸಿತು. ಅವತ್ತಿನಿಂದ ಎಲ್ಲರಿಗೂ ಒಂದೇ ಮಾತು, "ಸಂತಿ ದಿನ ಒಂದು ಪುಡಿ." ಚೀಟಿಯ ಮೇಲೂ ಕನ್ನಡದಲ್ಲಿ ದೊಡ್ಡದಾಗಿ "ಸಂತೆ ದಿನ" ಎಂದೇ ಬರೆಯುತ್ತಿದ್ದರು. ಉಪಾಯ ಚೆನ್ನಾಗಿ ನಡೆಯಿತು. ಸಂತೆಗೆ ಹೋಗುವುದು, ತರಕಾರಿ ತರುವುದು, ಪುಡಿ ಕುಡಿಯುವುದು. ಒಬ್ಬರೂ ಮರೆಯುತ್ತಿರಲಿಲ್ಲ.

ರಾಜೇಸಾಬನಿಗೂ ಅದನ್ನೇ ಹೇಳಿದರು. ಅವನೂ ತಲೆಯಾಡಿಸಿದ.

"ಇದು ಎದಿಗೂ ಛಲೋ ಏನ್ರಿ ಸಾಹೇಬ್ರ?"

"ಛಲೋ ಅಂತಾರಪಾ. ಎರಡು ತಿಂಗಳ ಬಿಟ್ಟು ಬಾ, ನೋಡೂಣು."

ಅವನು ಎರಡು ತಿಂಗಳಿಗೆ ಬರಲಿಲ್ಲ. ಬಿತ್ತನೆಯ ಕಾಲ, ಹಗ್ಗದ ವ್ಯಾಪಾರ ಜೋರು. ಬಂದದ್ದು ಮುಂದಿನ ಚಳಿಗಾಲದಲ್ಲಿ. ಬಂದ ಅನ್ನುವುದಕ್ಕಿಂತ ಮಾಲನಬಿ ತಂದಳು ಅನ್ನಬೇಕು. ಗುರುತೇ ಸಿಗದಷ್ಟು ಇಳಿದುಹೋಗಿದ್ದ. ತುಟಿ ಒಣಗಿ ಬಿಳಿಚಿತ್ತು. ಬೆಂಚಿನ ಮೇಲೆ ಕೂತವನು ಯಾರನ್ನೂ ಮಾತಾಡಿಸದೆ ನೆಲ ನೋಡುತ್ತಿದ್ದ. ಮಾತಿಲ್ಲದ ರಾಜೇಸಾಬನನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮಾಲನಬಿಯ ಬಾಯಿಯೂ ಜೋರಿರಲಿಲ್ಲ. ಮೆಲ್ಲಗೆ ಹೇಳಿದಳು, "ನೀರಡಿಕಿ ನೀರಡಿಕಿ ಅಂತಾರ್ರಿ ಬಾಯಾರ. ಕೊಡ ನೀರು ಸಾಲಂಗಿಲ್ಲ. ಮತ್ತ ಮತ್ತ ಒಂದಕ್ಕ ಹೋಗ್ತಾರ. ಊಟ ಸೇರಂಗಿಲ್ಲ, ವಾಂತಿ. ನಿನ್ನೆ ನನ್ನ ಹೆಸರ ಮರತಿದ್ದರ್ರಿ."

ಬಾಯಾರಿಕೆ, ಮತ್ತೆ ಮತ್ತೆ ಮೂತ್ರ. ಸಕ್ಕರೆ ಕಾಯಿಲೆಯವನಿಗೆ ಹೀಗಾದರೆ ಯಾರಾದರೂ ಏನು ಹೇಳುತ್ತಾರೆ? ಸಕ್ಕರೆ ಏರಿದೆ ಅನ್ನುತ್ತಾರೆ. ಮನೆಯವರೂ ಹಾಗೇ ತಿಳಿದು ಅನ್ನ ಬಿಡಿಸಿ, ಹಾಗಲಕಾಯಿ ರಸ ಕುಡಿಸಿದ್ದರು. ನಾನೂ ಹಾಗೇ ತಿಳಿದು ಬೆರಳು ಚುಚ್ಚಿದೆ. ಮಷೀನು ತೋರಿಸಿದ್ದು ಚೊಕ್ಕ ಹತೋಟಿಯಲ್ಲಿರುವ ಸಕ್ಕರೆ. ಮಷೀನಿನ ಪಟ್ಟಿ ಬದಲಿಸಿ ಇನ್ನೊಂದು ಬೆರಳು ಚುಚ್ಚಿದೆ. ಅದೂ ಅಷ್ಟೇ.

ಡಾಕ್ಟರು ಇಸಿಜಿ ತೆಗೆಯಲು ಹೇಳಿದರು. ಮೊದಲಿನ ಪಟ್ಟಿಯ ಪಕ್ಕಕ್ಕೆ ಹೊಸದನ್ನು ಇಟ್ಟು, ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. ಪ್ರತಿ ಬಡಿತದ ಅಲೆಗಳು ಮೊದಲಿಗಿಂತ ಹತ್ತಿರ ಹತ್ತಿರ ಬಂದಿದ್ದವು. ನಡುವೆ ಒಂದೆರಡು ಬಡಿತ ತಪ್ಪಿತ್ತು. ಅವರ ಮುಖದ ಮೇಲಿನ ಗೆರೆ ಬದಲಾದದ್ದು ಮಾಲನಬಿಗೂ ಕಂಡಿತು.

"ಎದಿಗೆ ಏನಾರ ಆಗೈತೇನ್ರಿ? ಇವರ ಅಣ್ಣನಂಗ?"

"ತಡಿಯವಾ. ಗುಳಿಗಿ ಏನೇನು ತಗೋತಾನ ತೋರಸು."

ಅವಳು ಚೀಲ ಬಿಚ್ಚಿದಳು. ಸಕ್ಕರೆ ಗುಳಿಗೆ ಸರಿ. ಬಿಪಿ ಗುಳಿಗೆ ಸರಿ. ಕ್ಯಾಲ್ಸಿಯಂ. ಪುಡಿಯ ಒಂದು ಖಾಲಿ ಪೊಟ್ಟಣ.

"ಈ ಪುಡಿ ಇನ್ನೂ ನಡಸೀರೇನು? ಯಾವಾಗ ಕುಡಿತಾನ?"

"ಸಂತಿ ದಿನಾನ ಕುಡಿತಾರ್ರಿ, ನೀವು ಹೇಳಿದಂಗ."

ಡಾಕ್ಟರು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಸರಿಯಾದ ಉತ್ತರ ತಾನೇ. ಪೊಟ್ಟಣ ಬದಿಗೆ ಸರಿಸಿ ಕಣ್ಣು ನೋಡಿದರು, ನಾಲಿಗೆ ನೋಡಿದರು, ಕಾಲು ಒತ್ತಿದರು. ಏನೂ ಹೊಂದಿಕೆಯಾಗುತ್ತಿಲ್ಲ ಅನ್ನುವುದು ಅವರ ಗೊಣಗಾಟದಲ್ಲೇ ತಿಳಿಯುತ್ತಿತ್ತು. ಅಷ್ಟರಲ್ಲಿ ಮಾಲನಬಿ, ಗಂಡನ ಪರವಾಗಿ ಕ್ಷಮೆ ಕೇಳುವ ಹಾಗೆ ಹೇಳಿದಳು.

"ಇವತ್ತೊಂದು ಕುಡದಿಲ್ಲರಿ ಸಾಹೇಬ್ರ. ಸಂತಿಗೆ ಹೋಗ್ಲಿಲ್ಲಲ್ಲ. ನಿನ್ನೆ ರಾಯಬಾಗದಾಗ ಕುಡದಾರ."

ಡಾಕ್ಟರ ಕೈ ಹಾಗೇ ನಿಂತಿತು.

"ನಿನ್ನೆ ಕುಡದಾನ? ಮೊನ್ನಿ?"

"ಮೊನ್ನಿ ಅಥಣ್ಯಾಗ."

"ಅದರ ಹಿಂದಿನ ದಿನ?"

"ಕಾಗವಾಡದಾಗರಿ. ಒಂದೂ ತಪ್ಪಿಸಿಲ್ಲ. ನಮಗ ದಿನಾ ಸಂತಿ ಅಲ್ಲರಿ?"

ಸಂತೆಗೆ ಹೋಗುವವರಿಗೆ ವಾರಕ್ಕೆ ಒಂದು ಸಂತೆ. ಸಂತೆಯಲ್ಲಿ ಕೂರುವವನಿಗೆ ಒಂದು ದಿನ ಚಿಕ್ಕೋಡಿ, ಒಂದು ದಿನ ನಿಪ್ಪಾಣಿ, ಒಂದು ದಿನ ರಾಯಬಾಗ, ಅಥಣಿ, ಕಾಗವಾಡ. ಇಷ್ಟು ವರ್ಷದ ಪರಿಚಯ, ಅವನ ಕಸುಬು ನಮಗೆ ಗೊತ್ತಿತ್ತು, ಅವನ ತಾಡಪತ್ರಿಯ ಬಗ್ಗೆಯೂ ಮಾತಾಡಿದ್ದೆವು. ಆದರೂ ಇದು ಯಾರ ತಲೆಗೂ ಹೊಳೆದಿರಲಿಲ್ಲ. ವಾರಕ್ಕೊಂದು ಕುಡಿಯಬೇಕಾದ ಭಾರಿ ಪ್ರಮಾಣದ ಪುಡಿಯನ್ನು ರಾಜೇಸಾಬ ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ಬಹುತೇಕ ದಿನವೂ ಕುಡಿದಿದ್ದ.

ಅಂಗಡಿಯವರಿಗಾದರೂ ಅನುಮಾನ ಬರಬೇಕಿತ್ತಲ್ಲ ಅನ್ನುತ್ತೀರಿ. ಡಾಕ್ಟರೂ ಅದನ್ನೇ ಕೇಳಿದರು. ರಾಜೇಸಾಬ ಆ ಸ್ಥಿತಿಯಲ್ಲೂ ತಲೆಯೆತ್ತಿ, ತಡವರಿಸುತ್ತ ಹೇಳಿದ, "ಯಾವ ಊರ ಸಂತಿ, ಆ ಊರಾಗ ಕೊಳ್ತೀನ್ರಿ. ಮನಿಯಿಂದ ಒಯ್ದ್ರ ಹಗ್ಗದಾಗ ಕಳಿತಾವ." ಹಾಗಾಗಿ ಪ್ರತಿ ಊರಿನ ಅಂಗಡಿಯವನ ಕಣ್ಣಿಗೂ ಅವನು ವಾರಕ್ಕೊಂದು ಪುಡಿ ಕೊಳ್ಳುವ ಶಿಸ್ತಿನ ರೋಗಿ. ಚಹಾದಂಗಡಿಯವರು ಕರೆಯದೇ ಹಾಲಿನ ಲೋಟ ತಂದಿಡುತ್ತಿದ್ದರಂತೆ.

ತಂಗಿಯರೇ, ಇದನ್ನು ಗಮನವಿಟ್ಟು ಓದಿ. ಬೇರೆ ಎಷ್ಟೋ ಜೀವಸತ್ವ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಇದು ಹಾಗಲ್ಲ. ಕೊಬ್ಬಿನಲ್ಲಿ ಕೂರುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುತ್ತದೆ. ಕ್ಯಾಲ್ಸಿಯಂ ಅತಿಯಾದರೆ ಬಾಯಾರಿಕೆ, ಮೂತ್ರ, ವಾಂತಿ, ಮಂಕು. ಮೂತ್ರಪಿಂಡ ಕೆಡಬಹುದು, ಎದೆಯ ಬಡಿತದ ತಾಳವೇ ತಪ್ಪಬಹುದು. ಅಣ್ಣನಂತೆ ಎದೆ ನಿಂತು ಸಾಯಬಾರದು ಅಂತ ಕುಡಿದ ಪುಡಿ ಅವನನ್ನು ಅಲ್ಲಿಗೇ ಕರೆದೊಯ್ಯುತ್ತಿತ್ತು.

ನಾನು ರಕ್ತ ತೆಗೆದೆ. ಹುಡುಕಿದರೂ ನರ ಬೇಗ ಸಿಗಲಿಲ್ಲ, ಅಷ್ಟು ಒಣಗಿದ್ದ. ಸಿಕ್ಕಿದ ಕೂಡಲೇ ಸಲಾಯಿನ್ ಹಚ್ಚಿದೆವು. ಕ್ಯಾಲ್ಸಿಯಂ ಫಲಿತಾಂಶ ನೋಡಿ ಡಾಕ್ಟರು ಹೊರಗೆ ಕಾಯುತ್ತಿದ್ದವರನ್ನೆಲ್ಲ "ನಾಳೆ ಬರ್ರಿ" ಎಂದು ಕಳಿಸಿ, ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ತಾವೇ ಹೊರಟರು. ಮಧ್ಯಾಹ್ನದ ಬಿಸಿಲು. ಬಾಟಲಿ ಎತ್ತಿ ಹಿಡಿದು ನಾನು ಹಿಂದೆ ಕೂತಿದ್ದೆ. ಮಾಲನಬಿ ಗಂಡನ ಪಾದ ಹಿಡಿದುಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಕೇಳಿದ್ದು ಒಂದೇ, "ಬಾಯಾರ, ಪುಡಿ ಕುಡೀರಿ ಅಂತ ದಿನಾ ನೆನಪ ಮಾಡಿ ಕಳಸ್ತಿದ್ದೆ ನಾನ. ನಂದೇನರ ತಪ್ಪಾತೇನ್ರಿ?" ಇಲ್ಲವ್ವಾ ಅಂದೆ. ಮುಂದೆ ಗಾಡಿ ಹೊಡೆಯುತ್ತಿದ್ದ ಡಾಕ್ಟರು ತಿರುಗದೆ, "ನಂದ ತಪ್ಪವಾ. ನಾನ ಹೇಳೂದು ತಪ್ಪಿದೆ" ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಪುಡಿ, ಕ್ಯಾಲ್ಸಿಯಂ ಎರಡೂ ಬಂದ್. ಸಲಾಯಿನ್ ಮೇಲೆ ಸಲಾಯಿನ್, ಕ್ಯಾಲ್ಸಿಯಂ ಇಳಿಸುವ ಔಷಧ, ಎದೆಗೆ ಸದಾ ತಂತಿ. ನಮ್ಮ ಡಾಕ್ಟರು ದಿನಾ ಫೋನ್ ಮಾಡಿ ಅಂಕಿ ಕೇಳುತ್ತಿದ್ದರು. ಮೊದಲು ಅಂಕಿ ಅಲುಗಲೇ ಇಲ್ಲ. ಆಮೇಲೆ ಚೂರು ಇಳಿಯಿತು. ಮತ್ತೆ ಚೂರು. ಒಂದು ಬೆಳಿಗ್ಗೆ ಫೋನ್ ಇಟ್ಟು ಹೊರಗೆ ಬಂದು, "ಊಟ ಕೇಳ್ಯಾನಂತ. ಜುಣಕ ಭಾಕರಿನ ಬೇಕಂತ" ಎಂದು ಹೇಳಿ, ನನಗೂ ಒಂದು ಚಹಾ ತರಿಸಿದರು. ಡಾಕ್ಟರು ಚಹಾ ತರಿಸುವುದು ಅಂದರೆ ಆ ದವಾಖಾನೆಯಲ್ಲಿ ಹಬ್ಬ.

ಮನೆಗೆ ಬಂದರೂ ಭಯ ಮುಗಿದಿರಲಿಲ್ಲ. ಕೊಬ್ಬಿನಲ್ಲಿ ಕೂತದ್ದು ನಿಧಾನಕ್ಕೆ ಇಳಿಯುತ್ತದೆ. ಮೂತ್ರಪಿಂಡ ಪೂರ್ತಿ ಸುಧಾರಿಸುತ್ತದೋ ಇಲ್ಲವೋ ಯಾರೂ ಮಾತು ಕೊಡುವಂತಿರಲಿಲ್ಲ. ಆಗಾಗ ಬಂದು ರಕ್ತ ಕೊಟ್ಟು ಹೋಗುತ್ತಿದ್ದ. ಹಾಗೆ ಬಂದ ಒಂದು ಸಲ ಡಾಕ್ಟರನ್ನು ಕೇಳಿದ, "ಸಾಹೇಬ್ರ, ಖರೆ ಹೇಳ್ರಿ. ಆ ಪುಡಿ ಎದಿಗೆ ಛಲೋನೋ, ಕೆಟ್ಟದ್ದೋ?"

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಕಡಿಮಿ ಇದ್ದಾಗ ಎಲುಬಿಗೆ ಬೇಕು, ಅಳತಿ ಹಿಡದು. ಸಕ್ರಿ ಜಡ್ಡಿನವರ ಎದಿ ಉಳಸತೈತಿ ಅಂತ ನಾವು ಆಸೆ ಮಾಡಿದ್ವಿ. ಹಂಗ ಉಳಸತೈತಿ ಅಂತ ಗಟ್ಟಿ ಪುರಾವೆ ಇಲ್ಲ. ಕಡಿಮಿ ಇದ್ದವರಿಗೆ ಎದಿ ತ್ರಾಸು ಹೆಚ್ಚು ಖರೆ. ಆದ್ರ ಜಡ್ಡು ಇದ್ದವ ಮನಿ ಬಿಟ್ಟು ಹೊರಗ ಬರೂದಿಲ್ಲ, ಬಿಸಲು ಕಾಣೂದಿಲ್ಲ, ಅದಕ್ಕೂ ಅದು ಕಡಿಮಿ ಇರಬಹುದು."

"ಮತ್ತ ಇಷ್ಟ ವರ್ಷ ನನ್ನ ಎದಿ ಉಳಿಸಿದ್ದು ಏನ್ರಿ?"

"ನೀ ಬೀಡಿ ಒಗದೆಲ್ಲ, ಅದು. ಬಿಪಿ ಗುಳಿಗಿ. ಸಕ್ರಿ ಹತೋಟಿ. ನಡದಾಡೂದು. ಬಾಜಾರದಾಗ ಇವಕ್ಕ ಯಾರೂ ಬಣ್ಣದ ಪೊಟ್ಟಣ ಮಾಡಿಲ್ಲ ನೋಡು."

ಮುಂದೆ ನಮ್ಮ ಪದ್ಧತಿ ಬದಲಾಯಿತು. "ಸಂತಿ ದಿನ" ಎಂದು ಬರೆಯುವುದು ನಿಂತಿತು. ವಾರದ ಯಾವ ದಿನ, ಒಟ್ಟು ಎಷ್ಟು ಪುಡಿ, ಯಾವಾಗ ನಿಲ್ಲಿಸಬೇಕು, ಮೂರೂ ಚೀಟಿಯಲ್ಲಿ. ಅದಕ್ಕಿಂತ ದೊಡ್ಡ ಬದಲಾವಣೆ ಅಂದರೆ ಡಾಕ್ಟರು ಹೇಳಿ ಮುಗಿಸಿದ ಮೇಲೆ ರೋಗಿಯ ಬಾಯಿಂದ ತಿರುಗಿ ಹೇಳಿಸುವುದು ನನ್ನ ಕೆಲಸವಾಯಿತು. "ಹೂಂ ಅನಬ್ಯಾಡ. ಏನ್ ಮಾಡ್ತಿ, ಯಾವಾಗ ಮಾಡ್ತಿ, ಹೇಳು." ಮೊದಮೊದಲು ಜನಕ್ಕೆ ನಗು. ಕೆಲವರಿಗೆ ಸಿಟ್ಟು, "ನಾವೇನ್ ಸಾಲಿ ಹುಡುಗೂರೇನ್ರಿ?" ಎನ್ನುತ್ತಿದ್ದರು. ಆದರೆ ಹಾಗೆ ಹೇಳಿಸಿದಾಗ ಹೊರಬಂದ ವಿಚಿತ್ರಗಳನ್ನು ಬರೆದರೆ ನೀವು ನಂಬುವುದಿಲ್ಲ. ಊಟಕ್ಕೆ ಮುಂಚೆ ನುಂಗಬೇಕಾದ ಗುಳಿಗೆಯನ್ನು ಉಪವಾಸದ ದಿನವೂ ನುಂಗುತ್ತಿದ್ದವರು, ಗುಳಿಗೆ ಬದಲು ಡಬ್ಬಿಯಲ್ಲಿ ತೇವ ಹೀರಲು ಇಟ್ಟ ಸಿಲಿಕಾ ಪೊಟ್ಟಣವನ್ನೇ ಕುದಿಸಿ ಕುಡಿದವರು! ಇನ್ನು ಸಾಕು.

ರಾಜೇಸಾಬ ಕೊನೆಯ ಬಾರಿಗೆ ಪರೀಕ್ಷೆಗೆ ಬಂದ ದಿನ ಮಾಲನಬಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಆಸ್ಪತ್ರೆ ಸೇರಿದ ದಿನದಿಂದ ಅವಳು ಗಂಡನಿಗೆ ಒಂದೂ ಗಡಸು ಮಾತು ಆಡಿರಲಿಲ್ಲ. ಕೈ ಹಿಡಿದು ಕೂರಿಸುವಳು, ಕೈ ಹಿಡಿದು ಏಳಿಸುವಳು. ರಕ್ತದ ವರದಿ ಬಂತು. ಕ್ಯಾಲ್ಸಿಯಂ ಸರಿ. ಮೂತ್ರಪಿಂಡ ಸರಿ. ನಾನು ಇಸಿಜಿ ತೆಗೆದು ಡಾಕ್ಟರ ಮುಂದಿಟ್ಟೆ. ಎಲ್ಲ ಅಲೆಗಳೂ ತಮ್ಮ ತಮ್ಮ ಜಾಗದಲ್ಲಿದ್ದವು.

"ಏನೂ ಆಗಿಲ್ಲ ತಗಿ. ಎದಿ ಗಟ್ಟಿ ಐತಿ, ಮೂತ್ರಪಿಂಡ ಗಟ್ಟಿ ಐತಿ. ಸಂತಿಗೆ ಹೋಗು" ಎಂದರು ಡಾಕ್ಟರು.

ಮಾಲನಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ ಶುರು ಮಾಡಿದಳು ನೋಡಿ.

"ಅಂಗಿ ಗುಂಡಿ ಹಾಕ್ಕೊಳ್ರಿ ಮದ್ಲ! ಎಲ್ಲಾರ ಮುಂದ ಹಂಗ ಕುಂತೀರಿ. ಎಷ್ಟ ಸಲ ಹೇಳೇನಿ, ಡಾಕ್ಟರು ಹೇಳಿದ್ದು ತಿಳೀಲಿಲ್ಲಂದ್ರ ಬಾಯಿ ಬಿಟ್ಟು ಕೇಳ್ರಿ ಅಂತ! ಇಡೀ ಸಂತಿ ತುಂಬ ಬಾಯಿ ಮಾಡ್ತೀರಿ, ಇಲ್ಲಿ ಬಂದ್ರ ಗೋಣ ಆಡಸ್ತೀರಿ. ದನದ ಕೊರಳಿಗೆ ಕಟ್ಟೂ ಗಂಟಿ ಒಂದು ನಿಮ್ಮ ಕೊರಳಿಗೂ ಕಟ್ಟಬೇಕಾಗಿತ್ತು!"

ಹೊರಗಿನ ಬೆಂಚಿನವರೆಲ್ಲ ಬಾಗಿಲಲ್ಲಿ ಇಣುಕಿದರು. ರಾಜೇಸಾಬ ಗುಂಡಿ ಹಾಕಿಕೊಳ್ಳುತ್ತ ನನ್ನ ಕಡೆ ನೋಡಿ, ಹಲ್ಲೆಲ್ಲ ಕಾಣುವಂತೆ ನಕ್ಕು, "ಬಾಯಾರ, ಈಗ ಆರಾಮಾತು ನೋಡ್ರಿ" ಎಂದ. ಅವಳ ಬೈಗುಳ ಮೆಟ್ಟಿಲು ಇಳಿದು, ರಸ್ತೆ ದಾಟಿ, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಸೇರುವವರೆಗೂ ನಮಗೆ ಕೇಳುತ್ತಿತ್ತು. ಅಷ್ಟು ಹಾಯೆನಿಸುವ ಬೈಗುಳವನ್ನು ನಾನು ಮತ್ತೆ ಕೇಳಿಲ್ಲ.

ಈಗ ನಿಮ್ಮ ಸರದಿ. ಡಾಕ್ಟರು ಒಂದು ಹೇಳಿ, ನೀವು ಅಥವಾ ನಿಮ್ಮ ಮನೆಯವರು ಇನ್ನೊಂದು ಮಾಡಿ, ಕೂದಲೆಳೆಯಲ್ಲಿ ಪಾರಾದದ್ದು ಇದ್ದೇ ಇರುತ್ತದೆ. ನಾಚಿಕೆ ಪಡಬೇಡಿ, ಕೆಳಗೆ ಬರೆಯಿರಿ. ಯಾವ ಔಷಧ, ಏನು ಹೇಳಿದ್ದರು, ನೀವು ಏನು ಅಂದುಕೊಂಡಿರಿ, ಯಾರು ಕಂಡುಹಿಡಿದರು. ನೀವು ಬರೆದದ್ದನ್ನು ಓದಿ ಇನ್ನೊಬ್ಬ ಯಾರೋ ಇವತ್ತೇ ತನ್ನ ಚೀಟಿ ತೆಗೆದು ಮತ್ತೊಮ್ಮೆ ನೋಡಿಕೊಳ್ಳಬಹುದು.